ಮಿಡಿ ಉಪ್ಪಿನಕಾಯಿ ಆನ್‌ಲೈನ್‌ಗೆ ಹತ್ತಿದ ಬಗೆ: ಸಾಗರ ಕಡೆಯಿಂದ ಒಂದು ವರ್ಷದ ಲೆಕ್ಕ

ಸಾಗರ, ಹೊಸನಗರ ಕಡೆ ಮನೆಯಲ್ಲಿ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುವುದು ಹೊಸತೇನಲ್ಲ. ಬೆಂಗಳೂರಿನ ನೆಂಟರಿಗೆ, ಅವರ ಆಫೀಸಿನವರಿಗೆ ಅಂತ ರಾತ್ರಿ ಬಸ್ಸಿನಲ್ಲಿ ಡಬ್ಬಿ ಕಳಿಸುವ ವ್ಯಾಪಾರ ಎಷ್ಟೋ ಕಾಲದಿಂದ ನಡೆದಿದೆ. ಅದನ್ನೇ ನೋಂದಣಿ, ಜಿಎಸ್‌ಟಿ, ಲೇಬಲ್ ಎಲ್ಲ ಮಾಡಿಸಿ ಇಂಟರ್‌ನೆಟ್‌ಗೆ ಹತ್ತಿಸುವ ಕೆಲಸ 2025ರ ಫೆಬ್ರವರಿಯಲ್ಲಿ ಶುರುವಾಗಿ ದೀಪಾವಳಿ ದಾಟಿದ ಮೇಲೆ ಒಂದು ಹದಕ್ಕೆ ಬಂತು. ಇದೇ ದಾರಿಯಲ್ಲಿ ಹೊರಟವರು ಹಲವರಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಆದದ್ದನ್ನು ಆದ ಕ್ರಮದಲ್ಲೇ ಬರೆದಿದ್ದೇವೆ.

ಒಂದು ಮಾತು ಮೊದಲೇ ಹೇಳಬೇಕು. ಮಾಡಿಟ್ಟ ಉಪ್ಪಿನಕಾಯಿಗೆ ಇನ್ನೊಂದು ಅಂಗಡಿ ಸಿಕ್ಕಿತು ಎಂದು ಇಂಟರ್‌ನೆಟ್ಟನ್ನು ನೋಡಿದರೆ ಲೆಕ್ಕ ತಪ್ಪುತ್ತದೆ. ಬಾಟಲಿಯ ಗಾತ್ರ, ರಸದ ಪ್ರಮಾಣ, ಯಾವ ತಿಂಗಳಲ್ಲಿ ದುಡ್ಡು ತೆಗೆದುಕೊಳ್ಳಬೇಕು, ಯಾವ ಪಿನ್‌ಕೋಡಿಗೆ ಇಲ್ಲ ಎನ್ನಬೇಕು, ಇಷ್ಟನ್ನೂ ಕೊನೆಗೆ ಅದೇ ತೀರ್ಮಾನಿಸುತ್ತದೆ.

ಶುರು ಮಾಡಬೇಕಾದ್ದು ಹೆಸರು ಮತ್ತು ವಿಳಾಸದಿಂದ. ಪ್ಯಾನ್‌ನಲ್ಲಿ ಅಪ್ಪನ ಹೆಸರೂ ಸೇರಿ ಉದ್ದವಾಗಿರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕೊನೆಗೆ 'ಭಟ್' ಇಲ್ಲವೇ 'ಗೌಡ' ಸೇರಿಕೊಂಡಿರುತ್ತದೆ. ಇವು ಅಕ್ಷರಕ್ಕೆ ಅಕ್ಷರ ಹೊಂದದಿದ್ದರೆ ಮುಂದಿನ ಪ್ರತಿ ಪೋರ್ಟಲ್ಲೂ ಒಂದೊಂದು ಕಡೆ ನಿಲ್ಲಿಸುತ್ತದೆ. ಆಧಾರ್ ತಿದ್ದುಪಡಿ ಮಾಡಿಸಿ, ಅದು ಪ್ಯಾನ್‌ಗೆ ಹೊಂದಿದ ಮೇಲೆಯೇ ಉಳಿದ ಅರ್ಜಿಗೆ ಕೈ ಹಾಕಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರಿಗೆ ಮನೆಯಲ್ಲಿ ಸಿಗ್ನಲ್ ಬರುತ್ತದೆಯೇ ಎಂದೂ ನೋಡಿಕೊಳ್ಳಿ. 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಬೋರ್ಡು ಹಾಕಿದ ಊರುಗಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ನಿಮಿಷದ ಒಟಿಪಿ ಗುಡ್ಡ ಹತ್ತುವಷ್ಟರಲ್ಲಿ ಮುಗಿದಿರುತ್ತದೆ. ಅರ್ಜಿಯ ಕೆಲಸಗಳನ್ನೆಲ್ಲ ಒಟ್ಟು ಮಾಡಿಕೊಂಡು ಪೇಟೆಗೆ ಹೋದ ದಿನ ಅಲ್ಲೇ ಕೂತು ಮುಗಿಸುವುದು ಒಳ್ಳೆಯದು.

ಮೊದಲನೆಯದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಕೇಂದ್ರ ಸರ್ಕಾರದಲ್ಲಿ ಹೆಸರು ಹಚ್ಚುವುದು. ಆಧಾರ್, ಪ್ಯಾನ್ ಇದ್ದರೆ ಕೂತಲ್ಲೇ ಆಗುತ್ತದೆ, ಪೂರ್ತಿ ಉಚಿತ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಜಾಹೀರಾತಾಗಿ ಬರುವ ಸೈಟುಗಳು ಸಾವಿರ, ಎರಡು ಸಾವಿರ ಕೇಳುತ್ತವೆ. ಅವು ಸರ್ಕಾರದ್ದಲ್ಲ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇಲ್ಲದ ಪುಟಕ್ಕೆ ಆಧಾರ್ ಸಂಖ್ಯೆ ಕೊಡಬೇಡಿ.

ಆಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ನಾವು ಅರ್ಜಿ ಹಾಕಿದಾಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದು, ದಿನಕ್ಕೆ 100 ಕೆಜಿಗಿಂತ ಹೆಚ್ಚು ಮಾಡದ ಘಟಕಕ್ಕೆ ಲೈಸೆನ್ಸ್ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಅದರ ಫಾಸ್ಕೋಸ್ ಪೋರ್ಟಲ್‌ನಲ್ಲಿ ಫಾರ್ಮ್ ಎ, ಫೋಟೊ, ಗುರುತಿನ ಚೀಟಿ, ಸ್ಥಳದ ದಾಖಲೆ. ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ ಇತ್ತು. ಏಳು ದಿನದಲ್ಲಿ ನೋಂದಣಿ ಕೊಡಬೇಕು, ಇಲ್ಲವೇ ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ಬರುತ್ತೇವೆ ಎನ್ನಬೇಕು ಎಂದು ನಿಯಮವಿದೆ. ಏನೂ ಉತ್ತರ ಬಾರದಿದ್ದರೆ ಕೆಲಸ ಶುರು ಮಾಡಬಹುದು ಎಂದೂ ಇದೆ. ಆದರೆ ಲೇಬಲ್ ಮೇಲೆ 14 ಅಂಕಿಯ ಸಂಖ್ಯೆ ಇಲ್ಲದೆ ಬಾಟಲಿ ಎಲ್ಲಿಗೂ ಹೋಗುವಂತಿಲ್ಲ. ಹಾಗಾಗಿ ಸಂಖ್ಯೆ ಬರುವವರೆಗೆ ಲೇಬಲ್ ಅಚ್ಚಿಗೆ ಕೊಡಬೇಡಿ. ನೋಂದಣಿಯ ಸಂಖ್ಯೆ 2ರಿಂದ, ಲೈಸೆನ್ಸಿನದ್ದು 1ರಿಂದ ಶುರುವಾಗುತ್ತದೆ. ಯಾರೋ ಏಜೆಂಟರು ಮಾಡಿಸಿಕೊಟ್ಟರೆ ಕೈಗೆ ಬಂದದ್ದು ಯಾವುದು ಎಂದು ಅಲ್ಲೇ ನೋಡಬಹುದು.

ನಿಜವಾಗಿ ತಲೆ ಕೆಡಿಸಿದ್ದು ಜಿಎಸ್‌ಟಿ. ಸರಕು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷದವರೆಗೆ ನೋಂದಣಿ ಬೇಡ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅದು ರಾಜ್ಯದ ಒಳಗಿನ ವ್ಯಾಪಾರಕ್ಕೆ. ತೆರಿಗೆ ಬೀಳುವ ಸರಕನ್ನು ಚೆನ್ನೈಗೋ ಪುಣೆಗೋ ಕಳಿಸಿದಿರಿ ಎಂದರೆ, ಒಂದೇ ಬಾಟಲಿ ಆದರೂ, ಕಾನೂನಿನ 24ನೇ ಕಲಮಿನಂತೆ ನೋಂದಣಿ ಕಡ್ಡಾಯ. ಆರ್ಡರ್ ವಾಟ್ಸಾಪ್‌ನಲ್ಲಿ ಬಂದರೂ ಅಷ್ಟೇ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರ್ಕೆಟ್‌ಪ್ಲೇಸ್‌ಗಳ ಮೂಲಕ ಮಾರುವವರಿಗೆ ಹಿಂದೆ ಒಳರಾಜ್ಯದ ಮಾರಾಟಕ್ಕೂ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಅದು ಸಡಿಲವಾಗಿದೆ: ಕರ್ನಾಟಕದೊಳಗೆ ಮಾತ್ರ ಮಾರುತ್ತೇನೆ ಎನ್ನುವ ಸಣ್ಣವರು ಪ್ಯಾನ್ ಕೊಟ್ಟು ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಸಾಕು. ಕಾಂಪೊಸಿಷನ್ ಸ್ಕೀಮಿನವರೂ (ವಹಿವಾಟಿನ ಮೇಲೆ ಒಂದು ಸಣ್ಣ ದರದ ತೆರಿಗೆ ಕಟ್ಟುವವರು) ಮಾರಬಹುದು, ಅವರೂ ರಾಜ್ಯ ದಾಟುವಂತಿಲ್ಲ.

ಅಂದರೆ ಮೊದಲ ಬಾಟಲಿಗಿಂತ ಮುಂಚೆಯೇ, ಗಿರಾಕಿ ಯಾವ ರಾಜ್ಯದವರು ಎಂದು ತೀರ್ಮಾನವಾಗಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಮಲೆನಾಡಿನವರೇ ಸಾಕು ಎನ್ನುವವರು ಎನ್‌ರೋಲ್‌ಮೆಂಟ್ ಸಂಖ್ಯೆಯಲ್ಲೇ ಎರಡು ವರ್ಷ ಕಳೆಯಬಹುದು, ಅದರಲ್ಲಿ ನಷ್ಟವಿಲ್ಲ. ನಾವು ಹೊರರಾಜ್ಯಕ್ಕೂ ಎಂದು ರೆಗ್ಯುಲರ್ ನೋಂದಣಿಗೆ ಹೋದೆವು. ಅದರ ಲಾಭವೂ ಇದೆ. ಬಾಟಲಿ, ಮುಚ್ಚಳ, ಕೊರಿಯರ್‌ಗೆ ಕೊಟ್ಟ ಶೇ 18ರ ತೆರಿಗೆ ಹಿಂದೆ ಸಿಗುತ್ತದೆ.

ಅರ್ಜಿ ನಿಂತದ್ದು ಕರೆಂಟ್ ಬಿಲ್ಲಿನಲ್ಲಿ. ಹಳೇ ಮನೆಗಳಲ್ಲಿ ಮೆಸ್ಕಾಂ ಮೀಟರ್ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿರುತ್ತದೆ, ಮನೆ ಅಪ್ಪನ ಹೆಸರಲ್ಲಿ, ಅರ್ಜಿ ಮಗಳದೋ ಸೊಸೆಯದೋ. ಪೋರ್ಟಲ್‌ನಿಂದ ಆರ್‌ಇಜಿ-03 ಎಂಬ ನೋಟಿಸು ಬರುತ್ತದೆ; ಏಳು ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ಅರ್ಜಿ ಬೀಳುತ್ತದೆ. ಎಸ್‌ಎಂಎಸ್ ನಂಬಿ ಕೂರಬೇಡಿ, ಪೋರ್ಟಲ್ ತೆರೆದು ನೋಡುತ್ತಿರಿ. ಉತ್ತರಕ್ಕೆ ಹಚ್ಚಬೇಕಾದ್ದು: ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11, ಚಾಲ್ತಿ ವರ್ಷದ ಮನೆ ಕಂದಾಯದ ರಸೀದಿ, ಮಾಲೀಕರ ಒಪ್ಪಿಗೆ ಪತ್ರ ಮತ್ತು ಅವರ ಆಧಾರ್. ಇ-ಸ್ವತ್ತು ಇನ್ನೂ ಆಗಿಲ್ಲದ ಮನೆಗಳೇ ಜಾಸ್ತಿ, ಅದು ಸಿಗುವುದಕ್ಕೆ ಜಿಎಸ್‌ಟಿಗಿಂತ ಹೆಚ್ಚು ಕಾಯಬೇಕಾದೀತು. ಆದ್ದರಿಂದ ಪಂಚಾಯಿತಿ ಕೆಲಸ ಎಲ್ಲಕ್ಕಿಂತ ಮುಂಚೆ ಹಚ್ಚಿಡಿ. ಜಿಎಸ್‌ಟಿ ನೋಂದಣಿಗೆ ಸರ್ಕಾರದ ಶುಲ್ಕ ಸೊನ್ನೆ. ಖರ್ಚಾಗುವುದು ಆಡಿಟರಿಗೆ ಮತ್ತು ಬಸ್ ಚಾರ್ಜಿಗೆ.

ಬ್ಯಾಂಕಿನಲ್ಲಿ ವ್ಯಾಪಾರಕ್ಕೆಂದು ಕರೆಂಟ್ ಅಕೌಂಟ್ (ಚಾಲ್ತಿ ಖಾತೆ) ಪ್ರತ್ಯೇಕ ಮಾಡಿಸಿ. ಮಲೆನಾಡಿನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಡಿಕೆ ದುಡ್ಡು, ಮಗನ ಫೀಸು, ಸಂಘದ ಸಾಲ ಎಲ್ಲ ಒಂದೇ ಎಸ್‌ಬಿ ಖಾತೆಯಲ್ಲಿ ಓಡಾಡುತ್ತವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತ್ತು, ಬೆಂಗಳೂರಿನ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡನ್ನೇ ಕಿತ್ತಿಟ್ಟರು. ಜಮೆಯಾದದ್ದರಲ್ಲಿ ವ್ಯಾಪಾರದ್ದು ಯಾವುದು, ಸ್ವಂತದ್ದು ಯಾವುದು ಎಂದು ಆಮೇಲೆ ಬೇರ್ಪಡಿಸಿ ತೋರಿಸುವುದು ಬಹಳ ಕಷ್ಟ. ಮತ್ತೆ, 40 ಲಕ್ಷದ ಲೆಕ್ಕ ಒಂದು ಪ್ಯಾನ್‌ನ ಎಲ್ಲ ವಹಿವಾಟಿಗೂ ಸೇರಿ. ತೋಟವೂ ಉಪ್ಪಿನಕಾಯಿಯೂ ಒಬ್ಬರದೇ ಹೆಸರಲ್ಲಿದ್ದರೆ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

ಇಷ್ಟರಲ್ಲಿ ಮಿಡಿ ಬಂದಿತ್ತು. ಇಲ್ಲಿ ಇಂಟರ್‌ನೆಟ್ಟಿನ ಮೊದಲ ಪೆಟ್ಟು. ಮರದಿಂದ ಮಿಡಿ ಇಳಿಸುವ ವಿಡಿಯೊ ಓಡುವುದು ಫೆಬ್ರವರಿ, ಮಾರ್ಚಿನಲ್ಲಿ. ಆಗ ಕೈಯಲ್ಲಿ ಮಾರಲು ಏನೂ ಇರುವುದಿಲ್ಲ. ತೊಟ್ಟು ಉಳಿಸಿ ಕೊಯ್ದ ಮಿಡಿಯನ್ನು ಸೊನೆ ಹೋಗದ ಹಾಗೆ ತಂದು, ಪೆಟ್ಟಾದದ್ದನ್ನು ಆರಿಸಿ ತೆಗೆದು, ಹರಳುಪ್ಪಿನಲ್ಲಿ ಪದರ ಹಾಕಿ ಭಾರ ಹೇರಿಟ್ಟರೆ ಅದು ನೀರು ಬಿಟ್ಟು ಸುಕ್ಕಾಗಬೇಕು. ಆಮೇಲೆ ಸಾಸಿವೆ, ಮೆಣಸು ಅರೆದು ಕಲಸಿ, ಹದ ಬರಲು ಮತ್ತೆ ಬಿಡಬೇಕು. ವಿಡಿಯೊ ನೋಡಿ 'ಈಗಲೇ ಕಳಿಸಿ' ಎಂದವರು ಮೇ ತಿಂಗಳಿಗೆ ಮರೆತಿರುತ್ತಾರೆ. ಇದಕ್ಕೆ ದಾರಿ ಮುಂಗಡ ಬುಕಿಂಗ್ ಮಾತ್ರ: ವಿಡಿಯೊದ ಜೊತೆಗೇ ಕಳಿಸುವ ವಾರ ಯಾವುದು ಎಂದು ಬರೆದು, ಅರ್ಧ ಹಣ ತೆಗೆದುಕೊಳ್ಳುವುದು. ಮುಂಗಡ ಎಷ್ಟು ಬಂತು ಎಂಬುದರ ಮೇಲೆ ಎಷ್ಟು ಭರಣಿ ತುಂಬಬೇಕು ಎಂಬ ಅಂದಾಜೂ ಸಿಗುತ್ತದೆ, ಮಿಡಿಗೆ ಕೊಡಲು ಬಂಡವಾಳವೂ ಆಗುತ್ತದೆ. ಜೀರಿಗೆ ವಾಸನೆಯ ಮಿಡಿಗೆ ಬೇರೆಯೇ ಬೆಲೆ, ಅದನ್ನು ಸಾದಾ ಮಿಡಿಯೊಂದಿಗೆ ಬೆರೆಸಬೇಡಿ. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಜಿಐ ಗುರುತು ಹಾಕಿಕೊಳ್ಳಬೇಕೆಂದಿದ್ದರೆ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ಹಚ್ಚಬೇಕು.

ಲೇಬಲ್‌ಗೆ ಬರೋಣ. ಎರಡು ಕಾನೂನು ಒಂದೇ ಚೀಟಿಯ ಮೇಲೆ ಕೂರಬೇಕು. ಆಹಾರದ ಕಡೆಯಿಂದ: ಹೆಸರು, ಪ್ರಮಾಣ ಹೆಚ್ಚಿರುವುದು ಮೊದಲು ಬರುವ ಹಾಗೆ ಪದಾರ್ಥಗಳ ಪಟ್ಟಿ, 100 ಗ್ರಾಮಿನ ಪೋಷಕಾಂಶ ವಿವರ, ಹಸಿರು ಚುಕ್ಕೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಮುಗಿಯುವ ದಿನಾಂಕ, ಎಫ್‌ಎಸ್‌ಎಸ್‌ಎಐ ಗುರುತು ಮತ್ತು ಸಂಖ್ಯೆ. ಕಾನೂನು ಮಾಪನಶಾಸ್ತ್ರದ ಕಡೆಯಿಂದ: ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ಪೂರ್ತಿ ವಿಳಾಸ, ದೂರಿಗೆ ಫೋನು ಮತ್ತು ಇಮೇಲ್. ಇದರ ಜೊತೆ ಎಲ್ಲರೂ ಬಿಡುವುದು ಘಟಕ ಬೆಲೆ: ಒಂದು ಕೆಜಿಗಿಂತ ಕಡಿಮೆ ಇರುವ ಪ್ಯಾಕಿಗೆ ಗ್ರಾಮಿಗೆ ಎಷ್ಟು ಎಂದು ಬರೆಯಬೇಕು. 250 ಗ್ರಾಮಿಗೆ 240 ರೂಪಾಯಿ ಆದರೆ ಗ್ರಾಮಿಗೆ 0.96. ಪ್ಯಾಕ್ ಮಾಡಲು ಶುರು ಮಾಡಿದ 90 ದಿನದೊಳಗೆ ಪ್ಯಾಕರ್ ನೋಂದಣಿಗೂ ಅರ್ಜಿ ಹಾಕಬೇಕು, ಶುಲ್ಕ 500. ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಬಿಟ್ಟು ಉಳಿದ ವಿವರಗಳು ವೆಬ್ ಪುಟದ ಮೇಲೂ ಕಾಣಬೇಕು.

ಎಂಆರ್‌ಪಿ, ಬ್ಯಾಚು, ದಿನಾಂಕವನ್ನು ಮುಖ್ಯ ಲೇಬಲ್‌ನಲ್ಲಿ ಅಚ್ಚು ಹಾಕಿಸಬೇಡಿ. ಜಾಗ ಖಾಲಿ ಬಿಟ್ಟು ಆಮೇಲೆ ಸಣ್ಣ ಪ್ರಿಂಟರಿನಲ್ಲಿ ಒತ್ತಿ. ಇದರ ಬೆಲೆ ಗೊತ್ತಾದದ್ದು ಸೆಪ್ಟೆಂಬರ್‌ನಲ್ಲಿ. 22ನೇ ತಾರೀಖಿನಿಂದ ಉಪ್ಪಿನಕಾಯಿಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಪುಟದ ಮೇಲಿನ ಬೆಲೆ, ಬಿಲ್ಲು, ಎಂಆರ್‌ಪಿ ಎಲ್ಲ ಒಟ್ಟಿಗೆ ಬದಲಾಗಬೇಕಾಯಿತು. ಹಳೇ ದಾಸ್ತಾನಿಗೆ ಹೊಸ ಬೆಲೆಯ ಚೀಟಿ ಅಂಟಿಸಲು ಸರ್ಕಾರ ಅವಕಾಶ ಕೊಟ್ಟಿತ್ತು. ಸಾವಿರಾರು ಲೇಬಲ್‌ನಲ್ಲಿ ಬೆಲೆ ಮುದ್ರಿಸಿಟ್ಟುಕೊಂಡವರು ಹಬ್ಬದ ಹೊತ್ತಿಗೆ ಚೀಟಿ ಅಂಟಿಸುತ್ತ ಕೂತರು.

ಈಗ ತೂಕದ ವಿಷಯ. ಇಡೀ ವ್ಯಾಪಾರ ನಿಂತಿರುವುದು ಇಲ್ಲೇ.

ಕೊರಿಯರ್ ದರ 500 ಗ್ರಾಮಿನ ಮೆಟ್ಟಿಲಲ್ಲಿ ಏರುತ್ತದೆ. 250 ಗ್ರಾಮಿನ ಉಪ್ಪಿನಕಾಯಿ, ಅದಕ್ಕೆ ಸುಮಾರು 190 ಗ್ರಾಮಿನ ಗಾಜಿನ ಬಾಟಲಿ, ಬಬಲ್ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿದರೆ 550 ದಾಟಿತು, ಎರಡನೇ ಮೆಟ್ಟಿಲಿನ ದರ ಬಿತ್ತು. ಅದೇ 30 ಗ್ರಾಮಿನ ಪೆಟ್ ಪ್ಲಾಸ್ಟಿಕ್ ಜಾಡಿಯಾದರೆ 400ರೊಳಗೆ ಮುಗಿಯುತ್ತದೆ. ಗಾಜು ಚಂದ, ಉಪ್ಪು ಹುಳಿಗೂ ಒಳ್ಳೆಯದು, ಅಂಗಡಿಯ ಶೆಲ್ಫಿಗೆ ಈಗಲೂ ಅದೇ ಇರಲಿ, ಕೊರಿಯರ್‌ಗೆ ಹೊಂದುವುದಿಲ್ಲ. ಇನ್ನು ಪೆಟ್ಟಿಗೆಯ ಗಾತ್ರ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ರಿಂದ ಭಾಗಿಸಿ, ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದುಡ್ಡು. ಮನೆಯಲ್ಲಿ ಬಿದ್ದಿದ್ದ 30x20x15ರ ಪೆಟ್ಟಿಗೆಗೆ ಹಾಕಿದರೆ ಒಂದು ಬಾಟಲಿಯೂ 1.8 ಕೆಜಿ ಆಗುತ್ತದೆ. 15x12x12 ಆದರೆ 0.43.

ದುಂಡು ಅಂಕಿಯಲ್ಲಿ ಲೆಕ್ಕ ನೋಡಿ. 240 ರೂಪಾಯಿಯಲ್ಲಿ ಶೇ 5 ತೆರಿಗೆ ತೆಗೆದರೆ ಉಳಿಯುವುದು 228.57. ಕೊರಿಯರ್ 70, ಪ್ಯಾಕಿಂಗ್ 22, ಪೇಮೆಂಟ್ ಗೇಟ್‌ವೇಗೆ (ಆನ್‌ಲೈನ್ ಪಾವತಿ ಸೇವೆಯವರಿಗೆ) ಶೇ 2ರಂತೆ 4.80 ಹೋದರೆ 132 ಹತ್ತಿರ. ಮಿಡಿ, ಉಪ್ಪು, ಖಾರ, ಜಾಡಿ, ಆಳು ಸೇರಿ 105 ಹಿಡಿದರೆ ಕೈಗೆ 27. ಎರಡು ಜಾಡಿಯ ಪ್ಯಾಕು 480ಕ್ಕೆ ಹೋದರೆ ತೆರಿಗೆ ಕಳೆದು 457. ಕೊರಿಯರ್ 100, ಪ್ಯಾಕಿಂಗ್ 30, ಗೇಟ್‌ವೇ 9.60, ಸಾಮಾನು 210. ಉಳಿಯುವುದು 107, ಜಾಡಿಗೆ 53ರ ಮೇಲೆ. ಜಾಡಿ ಅದೇ, ಲಾಭ ದುಪ್ಪಟ್ಟು. ಹಾಗಾಗಿ ಸ್ವಂತ ಪುಟದಲ್ಲಿ ಒಂಟಿ ಜಾಡಿಯನ್ನೇ ತೆಗೆದುಹಾಕಿ, ಎರಡು ಮಿಡಿ ಜಾಡಿ, ಇಲ್ಲವೇ ಒಂದು ಮಿಡಿ ಮತ್ತು ಒಂದು ಮಾವಿನ ಗೊಜ್ಜು ಎಂದು ಜೋಡಿಯಾಗಿ ಮಾತ್ರ ಇಟ್ಟೆವು. ಗೊಜ್ಜು ಮೊದಲಿನ ಯೋಜನೆಯಲ್ಲಿ ಇರಲೇ ಇಲ್ಲ. ಒಂದು ಕೆಜಿಯ ಮೆಟ್ಟಿಲು ತುಂಬಿಸಲು ಹುಟ್ಟಿದ್ದು.

ಕ್ಯಾಶ್ ಆನ್ ಡೆಲಿವರಿ ಬೇಡ. ಪಾರ್ಸೆಲ್ ತೆಗೆದುಕೊಳ್ಳದೆ ವಾಪಸ್ ಬಂದರೆ ಎರಡೂ ಕಡೆಯ ಬಾಡಿಗೆ ನಿಮ್ಮದೇ, ಮೇಲಿನ ಒಂಟಿ ಜಾಡಿಯ ಲೆಕ್ಕದಲ್ಲಿ ಅದು ಐದು ಜಾಡಿಯ ಲಾಭ. ವಾಪಸ್ ಬಂದ ಉಪ್ಪಿನಕಾಯಿಯನ್ನು ಮತ್ತೊಬ್ಬರಿಗೆ ಕಳಿಸುವ ಧೈರ್ಯವೂ ಬರುವುದಿಲ್ಲ.

ಸೋರಿಕೆಯೇ ದೊಡ್ಡ ಶತ್ರು. ಮನೆಯ ಮಿಡಿಯಲ್ಲಿ ರಸ ಧಾರಾಳ. ಕೊರಿಯರ್ ಗಾಡಿಯ ಬಿಸಿಗೆ ಅದೇ ರಸ ಉಬ್ಬಿ ಮುಚ್ಚಳದ ಸಂದಿನಿಂದ ಹೊರಟು ಪಕ್ಕದವರ ಪಾರ್ಸೆಲ್ಲನ್ನೂ ಕೆಂಪು ಮಾಡುತ್ತದೆ. ಉಪ್ಪುನೀರಿನ ಉಪ್ಪಿನಕಾಯಿಗೆ ಉಪ್ಪು ಶೇ 12ಕ್ಕೆ ಕಮ್ಮಿ ಇರಬಾರದು, ರಸ ಬಸಿದ ತೂಕ ಶೇ 60ಕ್ಕೆ ಕಮ್ಮಿ ಇರಬಾರದು ಎಂದು ನಿಯಮವೇ ಇದೆ, ಆದ್ದರಿಂದ ರಸವನ್ನು ಗಟ್ಟಿ ಅರೆದು ಕಡಿಮೆ ಮಾಡುವುದು ಎರಡು ರೀತಿಯಲ್ಲೂ ಅನುಕೂಲ. ಜಾಡಿಯ ಬಾಯಿಗೆ ಇಂಡಕ್ಷನ್ ಸೀಲ್ (ಬಿಸಿಗೆ ಅಂಟಿಕೊಳ್ಳುವ ಫಾಯಿಲ್) ಬೇಕು, ಕೈಯಲ್ಲಿ ಹಿಡಿಯುವ ಯಂತ್ರ ಸಾಕಾಗುತ್ತದೆ. ಸೀಲ್ ಹಿಡಿಯದಿದ್ದರೆ ಯಂತ್ರವನ್ನು ಬೈಯುವ ಮುಂಚೆ ಬಾಯಿಯ ಅಂಚು ನೋಡಿ. ಒಂದು ಹನಿ ಎಣ್ಣೆ, ಒಂದು ಸಾಸಿವೆ ಚೂರು ಇದ್ದರೂ ಫಾಯಿಲ್ ಕೂರುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಒಂದು ಬೆರಳಗಲ ಖಾಲಿ ಬಿಟ್ಟು, ಸೀಲ್ ಆದ ಜಾಡಿಗಳನ್ನು ಪೇಪರಿನ ಮೇಲೆ ಒಂದು ರಾತ್ರಿ ಬೋರಲು ಹಾಕಿ. ಬೆಳಿಗ್ಗೆ ಪೇಪರಿನಲ್ಲಿ ಕಲೆ ಇಲ್ಲದ್ದು ಮಾತ್ರ ಪೆಟ್ಟಿಗೆಗೆ.

ಮಾರ್ಕೆಟ್‌ಪ್ಲೇಸ್‌ನಲ್ಲಿ ಪುಟ ತೆರೆಯಲು ಬಾರ್‌ಕೋಡ್ ಕೇಳುತ್ತಾರೆ. ಅಗ್ಗಕ್ಕೆ ಕೋಡು ಮಾರುವವರಿಂದ ಕೊಳ್ಳಬೇಡಿ, ಅದು ಬೇರೆ ಕಂಪನಿಯ ಹೆಸರಿನಲ್ಲಿರಬಹುದು. ವಿನಾಯಿತಿಗೆ ಅರ್ಜಿ ಹಾಕುವ ದಾರಿ ಇದೆ, ಇಲ್ಲವೇ ಜಿಎಸ್1 ಇಂಡಿಯಾದಿಂದ ಪಡೆಯಿರಿ. ಬ್ರ್ಯಾಂಡ್ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ: ಉಪ್ಪಿನಕಾಯಿ 29ನೇ ವರ್ಗ, ಮಸಾಲೆ ಮತ್ತು ಜೇನು 30ನೇ ವರ್ಗ, ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್‌ನಲ್ಲಿ ವರ್ಗಕ್ಕೆ 4,500 ರೂಪಾಯಿ. ಅರ್ಜಿ ಹಾಕಿದ ಕೂಡಲೇ ಟಿಎಂ ಗುರುತು ಬಳಸಬಹುದು, ವೃತ್ತದೊಳಗಿನ ಆರ್ ಮಾತ್ರ ನೋಂದಣಿ ಆದ ಮೇಲೆ. ಹುಡುಕುವ ಪದಗಳಲ್ಲಿ ಅಪ್ಪೆಮಿಡಿಯ ಎಲ್ಲ ಸ್ಪೆಲಿಂಗ್ ಹಾಕಿ, ತಮಿಳರು ಹುಡುಕುವ ಮಾವಡುವನ್ನೂ ಸೇರಿಸಿ. ನೆಂಟರ ಕೈಲಿ ಐದೈದು ಸ್ಟಾರ್ ಬರೆಸುವ ಆಸೆ ಬಿಡಿ: ಮಾರುವವರು ಗಿರಾಕಿಯ ಸೋಗಿನಲ್ಲಿ ವಿಮರ್ಶೆ ಹಾಕುವುದನ್ನು 2020ರ ಇ-ಕಾಮರ್ಸ್ ನಿಯಮ ನಿಷೇಧಿಸಿದೆ.

ಮಾರ್ಕೆಟ್‌ಪ್ಲೇಸ್ ಕಮಿಷನ್, ಸ್ಥಿರ ಶುಲ್ಕ, ಸಾಗಣೆ, ಅದರ ಮೇಲೆ ಜಿಎಸ್‌ಟಿ ಎಲ್ಲ ಕಳೆದು ದುಡ್ಡು ಬರುವಾಗ ಶೇ 0.5 ಟಿಸಿಎಸ್ (ಮಾರಾಟದ ಮೇಲೆ ಮೊದಲೇ ಹಿಡಿಯುವ ಜಿಎಸ್‌ಟಿ) ಕೂಡ ಹಿಡಿದಿರುತ್ತಾರೆ. ಅದು ಕಳೆದುಹೋದ ದುಡ್ಡಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಿದರೆ ಅಲ್ಲಿನ ನಿಮ್ಮ ಕ್ಯಾಶ್ ಲೆಡ್ಜರಿಗೆ (ತೆರಿಗೆ ಕಟ್ಟಲು ಬಳಸುವ ನಗದು ಖಾತೆಗೆ) ಬರುತ್ತದೆ. ಒತ್ತದೆ ಬಿಟ್ಟವರು ಬಹಳ ಜನ. ನಮ್ಮ ಅಭಿಪ್ರಾಯದಲ್ಲಿ ಮಾರ್ಕೆಟ್‌ಪ್ಲೇಸ್ ಇರುವುದು ಹೊಸಬರ ಕಣ್ಣಿಗೆ ಬೀಳಲು. ಲಾಭ ಇರುವುದು ಎರಡನೇ ಸಲ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕೇಳಿ, ಯುಪಿಐ ಮಾಡಿ ತರಿಸುವವರಲ್ಲಿ. ಎಕ್ಸ್‌ಪೈರಿ ಹತ್ತಿರ ಬಂದ ದಾಸ್ತಾನನ್ನು ಮಾರ್ಕೆಟ್‌ಪ್ಲೇಸ್‌ನಲ್ಲಿ ಖಾಲಿ ಮಾಡುವ ಯೋಚನೆಯೂ ನಡೆಯದು. ಗಿರಾಕಿಗೆ ತಲುಪುವಾಗ ಶೇ 30 ಅಥವಾ 45 ದಿನದ ಆಯುಷ್ಯ ಉಳಿದಿರಬೇಕು ಎಂದು ಎಫ್‌ಎಸ್‌ಎಸ್‌ಎಐ 2024ರಲ್ಲಿ ಹೇಳಿದೆ.

ಜೂನ್ ಬಂದ ಮೇಲೆ ಬೇರೆಯೇ ಕಥೆ. ಮರ ಬಿದ್ದು ಫೈಬರ್ ಕಟ್ಟಾದರೆ, ಕರೆಂಟ್ ಹೋಗಿ ಟವರ್ ಬ್ಯಾಟರಿ ಇಳಿದರೆ, ಆರ್ಡರ್ ಬಂದದ್ದೇ ತಿಳಿಯುವುದಿಲ್ಲ, ತಡವಾದದ್ದಕ್ಕೆ ಮಾರ್ಕೆಟ್‌ಪ್ಲೇಸ್‌ನವರು ಕೊಡುವ ಅಂಕ ಮಾತ್ರ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆಯೇ ಕಳಿಸುವ ಅವಧಿಯನ್ನು ಮೂರು ದಿನಕ್ಕೆ ಏರಿಸಿಡಿ. ಎರಡು ಕಂಪನಿಯ ಸಿಮ್ ಇರಲಿ, ರೂಟರ್ ಇನ್ವರ್ಟರಿಗೆ ಹಾಕಿರಲಿ. ಜಡಿಮಳೆಯ ವಾರ ಅಂಗಡಿಯನ್ನು ರಜೆಗೆ ಹಾಕುವುದೇ ಜಾಣತನ, ರಟ್ಟಿನ ಪೆಟ್ಟಿಗೆಯೂ ಆಗ ಮೆತ್ತಗಾಗಿರುತ್ತದೆ. ಹಳ್ಳಿಗೆ ಕೊರಿಯರ್‌ನವರು ಪಿಕಪ್‌ಗೆ ಬರುವುದಿಲ್ಲ. ಸಾಗರದ 577401 ಪಿನ್‌ಕೋಡಿನ ವಿಳಾಸಕ್ಕೆ ಬಂದವರು ಒಳಗಿನ ಊರಿಗೆ ಒಪ್ಪಲಿಲ್ಲ. ವಾರಕ್ಕೆ ಎರಡು ದಿನ ಗೊತ್ತು ಮಾಡಿ ಪೇಟೆಗೆ ಒಯ್ದು ಕೊಡುವುದಾಯಿತು. ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ಪಾರ್ಸೆಲ್ ಒಂದೇ ಎಲ್ಲ ಪಿನ್‌ಕೋಡಿಗೂ ಹೋಗುವುದು.

ಬೆಂಗಳೂರಿನ ಆರ್ಡರುಗಳಿಗೆ ಕೆಎಸ್‌ಆರ್‌ಟಿಸಿ ಕಾರ್ಗೊದಲ್ಲಿ ದೊಡ್ಡ ಪೆಟ್ಟಿಗೆ ಕಳಿಸಿ, ಅಲ್ಲಿಂದ ಹಂಚಿಸುವುದು ಅಗ್ಗ. ಆದರೆ ಅಲ್ಲಿ ದಾಸ್ತಾನು ಇಡುವ ಮನೆಯನ್ನು ಜಿಎಸ್‌ಟಿಯಲ್ಲಿ ಹೆಚ್ಚುವರಿ ಸ್ಥಳವಾಗಿ ಸೇರಿಸಬೇಕು, ಆಹಾರ ಸಂಗ್ರಹಕ್ಕೆ ಅಲ್ಲಿಯದೇ ನೋಂದಣಿಯೂ ಬೇಕು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ದೊಡ್ಡ ಆರ್ಡರ್ ಎಂದು ಫೋನ್ ಬಂದರೆ ನಿಧಾನಿಸಿ. 'ಮಿಲಿಟರಿ ಕ್ಯಾಂಟೀನಿಗೆ ನೂರು ಜಾಡಿ ಬೇಕು, ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಮುಂಗಡ ಬರುತ್ತದೆ' ಎನ್ನುವುದು ಹಳೇ ಮೋಸ. ದುಡ್ಡು ಬರಲು ಯಾವತ್ತೂ ಪಿನ್ ಒತ್ತಬೇಕಾಗಿಲ್ಲ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಯಂತ್ರಕ್ಕೆ ಸಾಲ ಬೇಕಾದವರಿಗೆ ಪಿಎಂಎಫ್‌ಎಂಇ ಎಂಬ, ಸಣ್ಣ ಆಹಾರ ಘಟಕಗಳ ಕೇಂದ್ರ ಯೋಜನೆ ಇತ್ತು: ಕೇಂದ್ರದ ಶೇ 35ರ ಸಹಾಯಧನಕ್ಕೆ ರಾಜ್ಯ ಶೇ 15 ಸೇರಿಸಿ ಒಟ್ಟು ಅರ್ಧ. ಆ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಗೊತ್ತು ಮಾಡಿದ ಉತ್ಪನ್ನ ಅನಾನಸ್ ಆದರೂ ಉಪ್ಪಿನಕಾಯಿ ಘಟಕದವರೂ ಅರ್ಜಿ ಹಾಕಬಹುದಿತ್ತು. ಸಹಾಯಧನ ಕೈಗೆ ಬರುವ ದುಡ್ಡಲ್ಲ, ಸಾಲದ ಖಾತೆಗೆ ಹೊಂದಿಕೊಂಡು ಮೂರು ವರ್ಷ ಬ್ಯಾಂಕಿನಲ್ಲೇ ಇರುತ್ತದೆ. ವರ್ಷಕ್ಕೆ ಮೂರು ತಿಂಗಳು ಓಡುವ ಯಂತ್ರಕ್ಕೆ ಹನ್ನೆರಡು ತಿಂಗಳ ಕಂತು ಎಂಬುದನ್ನು ಲೆಕ್ಕ ಹಾಕಿ ನಾವು ಬಿಟ್ಟೆವು.

ಸದ್ಯ ಮೂರು ತಿಂಗಳಿಗೊಮ್ಮೆಯ ಜಿಎಸ್‌ಟಿ ರಿಟರ್ನ್ ಕಟ್ಟುತ್ತಿದ್ದೇವೆ. ಮಾರಾಟ ಇಲ್ಲದ ಅವಧಿಗೂ ಸೊನ್ನೆ ರಿಟರ್ನ್ ಹಾಕಲೇಬೇಕು, ಮರೆತರೆ ದಿನಕ್ಕೆ 20 ರೂಪಾಯಿ ದಂಡ. ಬರುವ ಸೀಸನ್‌ಗೆ ಪಿನ್‌ಕೋಡಿನ ಪಟ್ಟಿ ಮೊದಲು ನೋಡಿ, ಎರಡನೇ ಸಲ ತರಿಸಿದವರ ಸಂಖ್ಯೆಗೆ ತಕ್ಕ ಹಾಗೆ ಮಿಡಿಗೆ ಹೇಳಿಟ್ಟಿದ್ದಾಗಿದೆ. ಜೀರಿಗೆ ಮಿಡಿಯ ಮರದವರಿಗೆ ಮುಂಗಡವೂ ಹೋಗಿದೆ.